ಬಂಗುಡೆ ನಿದ್ದೆ ಮಾಡುವ ಮನೆ

ನಮ್ಮ ಬೆಕ್ಕಿನ ಹೆಸರು ಬಂಗುಡೆ. ಮೈಮೇಲೆ ಆ ಮೀನಿನದ್ದೇ ಪಟ್ಟೆಗಳಿವೆ ಎಂದು ನನ್ನ ಯಜಮಾನರು ಬದ್ರುದ್ದೀನ್ ಇಟ್ಟ ಹೆಸರು. ದಿನಕ್ಕೆ ಹದಿನಾರು ಗಂಟೆ ನಿದ್ದೆ ಹೊಡೆಯುವ ಸೋಮಾರಿ. ಮಧ್ಯಾಹ್ನದ ನಮಾಝ್ ಮುಗಿಸಿ ಅವರು ಮಂಚದಲ್ಲಿ ಅಡ್ಡಾದರೆ ಸಾಕು, ಕಾಲ ಬುಡದಲ್ಲಿ ಮೂರು ಸುತ್ತು ತಿರುಗಿ, ಮುಂಗಾಲಿನಿಂದ ಕಣ್ಣು ಮುಚ್ಚಿಕೊಂಡು ಬಿದ್ದುಕೊಳ್ಳುತ್ತಿತ್ತು. ಕಾಲು ಜೋಮು ಹಿಡಿದರೂ ಅವರು ಅಲುಗಾಡುತ್ತಿರಲಿಲ್ಲ. ನನ್ನನ್ನು ಮಾತ್ರ ಕನ್ನಡಕ ಹುಡುಕಿಕೊಡು ಎಂದು ಎಬ್ಬಿಸುತ್ತಿದ್ದರು, ಅದು ಬೇರೆ ವಿಷಯ.

ಒಂದು ದಿನ ಅಂಗಡಿಗೆ ಹೋದವರು ಮನೆಗೆ ಬಂದದ್ದು ಆಂಬುಲೆನ್ಸಿನಲ್ಲಿ. ಅದರ ಮೂರನೇ ದಿನದಿಂದ ಬಂಗುಡೆ ಮಧ್ಯಾಹ್ನ ನಮ್ಮಲ್ಲಿ ಮಲಗುವುದನ್ನೇ ಬಿಟ್ಟಿತು. ನನ್ನ ಕೈಯಿಂದ ಮೀನು ತಿಂದು, ಗೋಡೆ ಹಾರಿ, ಪಕ್ಕದ ರಾಧಾಕೃಷ್ಣ ಭಟ್ಟರ ಜಗಲಿಗೆ ನಿದ್ದೆಗೆ ಹೋಗುತ್ತಿತ್ತು. ಮೀನಿಗೆ ನಾನು, ನಿದ್ದೆಗೆ ಭಟ್ಟರು. ನನಗೆ ಮೈಯೆಲ್ಲ ಉರಿಯಿತು.

ಉರಿಯಲು ಬೇರೆ ಕಾರಣವೂ ಇತ್ತು. ಭಟ್ಟರ ಹೆಂಡತಿ ಸತ್ಯವತಿ ನನಗೆ ಮೂವತ್ತು ವರ್ಷದ ಗೆಳತಿ. ಯಜಮಾನರನ್ನು ಮಣ್ಣು ಮಾಡಿದ ಮಯ್ಯತ್ತಿನ ದಿನ ಬಂದು ನನ್ನ ಕೈ ಹಿಡಿದು ಕೂತವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಒಂದು ಫೋನೂ ಇಲ್ಲ. ಗಂಡ ತೀರಿದ ಹೆಂಗಸು ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಮನೆಯಿಂದ ಹೊರಡುವ ಹಾಗಿಲ್ಲ, ಹೊರಗಿನ ಗಂಡಸರ ಎದುರು ಬರುವ ಹಾಗಿಲ್ಲ. ಹೆಂಗಸರು ಬಂದು ಹೋಗಲು ಏನೂ ಅಡ್ಡಿಯಿಲ್ಲ. ಕಾಟಿಪಳ್ಳದಿಂದ ನನ್ನ ನಾದಿನಿ ಎರಡು ಬಸ್ಸು ಹಿಡಿದು ನಮ್ಮ ಜೆಪ್ಪುವಿಗೆ ಬಂದಳು. ಗೋಡೆಯಾಚೆಯವಳಿಗೆ ಪುರುಸೊತ್ತಾಗಲಿಲ್ಲ. ಯಜಮಾನರು ಹೋದರು, ಗೆಳತಿ ಹೋದಳು, ಈಗ ಬೆಕ್ಕೂ ಅವಳದ್ದಾಯಿತು ಎಂದು ನಾನು ಒಬ್ಬಳೇ ಕೂತು ಅತ್ತದ್ದುಂಟು.

ಶನಿವಾರ ಇದ್ದತ್ ಮುಗಿಯಿತು. ಈಗಲಾದರೂ ಬಂದಾಳೆಂದು ಭಾನುವಾರ, ಸೋಮವಾರ, ಮಂಗಳವಾರ ಕಾದೆ. ಬುಧವಾರ ಊಟವಾದದ್ದೇ ಬುರ್ಖಾ ಹಾಕಿದೆ.

"ಎಲ್ಲಿಗೆ ಉಮ್ಮಾ?" ಎಂದು ಸೊಸೆ ನಾಝಿಮಾ ಕೇಳಿದಳು.

"ನನ್ನ ಬೆಕ್ಕನ್ನು ತರ್ಲಿಕ್ಕೆ. ಇನ್ನು ಬಾಗಿಲು ಹಾಕಿ ಸಾಕ್ತೇನೆ. ಆ ಮನೆಯ ಸಂಬಂಧ ಇವತ್ತಿಗೆ ಮುಗೀತು."

ಭಟ್ಟರ ಜಗಲಿಯಲ್ಲಿ ಒಂದು ಮೂಲೆಗೆ ಮಾತ್ರ ಬಿಸಿಲಿತ್ತು. ಅಲ್ಲಿ ಮಡಿಸಿದ ಹಳೆ ಸೀರೆಯ ಮೇಲೆ ಬಂಗುಡೆ ಮಲಗಿತ್ತು. ಪಕ್ಕದಲ್ಲಿ ನೆಲದ ಮೇಲೆ ಕೂತ ಸತ್ಯವತಿ ಹೂ ಕಟ್ಟುತ್ತಿದ್ದಳು. ಬಿಸಿಲು ಸರಿದದ್ದು ಕಂಡು ಸೀರೆಯನ್ನು ಬೆಕ್ಕಿನ ಸಮೇತ ಮೆಲ್ಲಗೆ ಎಳೆದಳು. ಆಮೇಲೆ ತಾನೂ ಅಷ್ಟೇ ಸರಿದು ಕೂತಳು.

ನನ್ನನ್ನು ಕಂಡವಳು ಗಾಬರಿಯಿಂದ ಎದ್ದು ನಿಂತಳು. "ಸಾರಮ್ಮ, ನೀವು ಹೊರಗೆ ಬರಬಹುದಾ? ಮುಗಿಯುವುದು ಇವತ್ತಲ್ವಾ? ನಾಳೆ ಬೆಳಿಗ್ಗೆಯೇ ಬರುವ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ."

"ನಮ್ಮದು ಚಂದ್ರನ ತಿಂಗಳು, ದಿನ ಕಮ್ಮಿ. ಶನಿವಾರವೇ ಮುಗಿದಿದೆ. ಅಲ್ಲ, ಮುಗಿಯಲಿಕ್ಕೆ ಕಾಯುವುದು ಎಂತಕ್ಕೆ ಮಾರಾಯ್ತಿ? ಮೊದಲೇ ಬರಬಹುದಿತ್ತಲ್ಲ?"

"ಬರಬಹುದಿತ್ತಾ?" ಅವಳ ಮುಖ ಬಿಳಿಚಿಕೊಂಡಿತು. "ನಮ್ಮ ಸೂತಕದ ಹಾಗೆ ಅಂತ ಗ್ರಹಿಸಿದೆ. ಸೂತಕದವರನ್ನು ನಮ್ಮಲ್ಲಿ ಮುಟ್ಟುವುದಿಲ್ಲ. ನಾನು ಬಂದರೆ ನಿಮ್ಮದು ಕೆಡ್ತದೆ, ಫೋನ್ ಮಾಡಿದರೂ ಕೆಡ್ತದೋ ಏನೋ ಅಂತ ಹೆದರಿದೆ. ಯಾರ ಹತ್ತಿರವಾದರೂ ಕೇಳ್ಲಿಕ್ಕೆ ನಾಚಿಕೆ. ಮೂವತ್ತು ವರ್ಷ ಪಕ್ಕದಲ್ಲಿದ್ದು ಇಷ್ಟೂ ಗೊತ್ತಿಲ್ವಾ ಅಂತ ಆಗ್ತದಲ್ಲ."

ಮನೆಯಿಂದ ಜೋಡಿಸಿಕೊಂಡು ಬಂದಿದ್ದ ಬೈಗುಳದಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. "ಬೆಕ್ಕಿಗೆ ಎಂತ ಹಾಕಿ ಒಲಿಸಿದ್ರಿ?" ಎಂದಷ್ಟೇ ಕೇಳಿದೆ.

"ಹಾಕ್ಲಿಕ್ಕೆ ನಮ್ಮಲ್ಲಿ ಮೀನು ಉಂಟಾ? ಮೊಸರನ್ನ ಇಟ್ಟರೆ ಮೂಸಿ ನೋಡಿ ಬಿಟ್ಟಿತು. ನಿದ್ದೆಗೆ ಮಾತ್ರ ಬರುವುದು. ಅದರ ಮೈಯಲ್ಲಿ ನಿಮ್ಮ ಮನೆಯ ಪರಿಮಳ ಉಂಟು ಸಾರಮ್ಮ. ಅದು ಏಳುವವರೆಗೆ ನಾನೂ ಇಲ್ಲೇ ಕೂತುಕೊಳ್ತೇನೆ, ನಿಮ್ಮ ಹತ್ತಿರ ಕೂತ ಹಾಗೆ ಆಗ್ತದೆ."

ಚಾಪೆ ಹಾಸಿದಳು. ಕೂತೆ. ಬಂದವರೆಲ್ಲ ನನಗೆ ಸಬೂರು ಮಾಡು, ಅಳಬೇಡ ಎಂದು ಹೇಳಿ ಹೋದವರೇ. ಸತ್ಯವತಿ ಹೂವಿನ ಬುಟ್ಟಿ ಬದಿಗಿಟ್ಟು ಕೇಳಿದಳು, "ಆ ದಿನ ಅಂಗಡಿಗೆ ಹೊರಡುವಾಗ ಸಾಹೇಬರು ಎಂತ ಹೇಳಿದ್ರು?"

ಅದನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದ್ದದ್ದು ಅದೊಂದೇ.

"ಚಾದಲ್ಲಿ ಸಕ್ಕರೆ ಕಮ್ಮಿ ಅಂದ್ರು," ಎಂದೆ. "ಕೊಟ್ಟದ್ದನ್ನು ಸುಮ್ಮನೆ ಕುಡೀರಿ ಅಂದುಬಿಟ್ಟೆ. ಅದೇ ಕೊನೆಯ ಮಾತು."

ಸತ್ಯವತಿ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲೂ ನೀರಿತ್ತು. "ನಾನೂ ಭಟ್ಟರಿಗೆ ದಿನಾ ಬೆಳಿಗ್ಗೆ ಅದನ್ನೇ ಹೇಳುವುದು," ಎಂದಳು.

ನನಗೆ ಅಳುತ್ತಲೇ ನಗು ಬಂತು. ಅವಳೂ ನಕ್ಕಳು. ಆಮೇಲೆ ಆ ಇಡೀ ದಿನದ ಕತೆಯನ್ನು ಅವಳಿಗೆ ಹೇಳಿದೆ, ಆಂಬುಲೆನ್ಸಿನವರೆಗೂ.

ಸಂಜೆಯ ಅಸರ್ ನಮಾಝಿನ ಬಾಂಗ್ ಕೇಳಿದಾಗ ಎದ್ದೆ. "ಬೆಕ್ಕನ್ನು ಕೊಂಡುಹೋಗ್ತೀರಾ?" ಎಂದು ಸತ್ಯವತಿ ಸಣ್ಣ ದನಿಯಲ್ಲಿ ಕೇಳಿದಳು.

"ಇರಲಿ, ನಿದ್ದೆ ಮಾಡ್ತಾ ಉಂಟು," ಎಂದೆ. "ನಾಳೆ ಅದು ಬರುವ ಹೊತ್ತಿಗೆ ನಾನೂ ಬರ್ತೇನೆ."