ನೆಲ್ಲಿಕಾಯಿ ಕೋಟಿಂಗ್

ಬಣಕಲ್ಲಿನ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟಿರುವ ಶಂಶುದ್ದೀನನ ಲೆಕ್ಕದಲ್ಲಿ ಮನುಷ್ಯನ ಮೈಯೂ ಒಂದು ಜೀಪೇ. ಮಳೆ ಹಿಡಿಯುವ ಮುಂಚೆ ಸುತ್ತಲ ಎಸ್ಟೇಟಿನ ಜೀಪುಗಳೆಲ್ಲ ಅವನಲ್ಲಿಗೆ ಬಂದು, ಅಡಿಭಾಗಕ್ಕೆ ಹಳೇ ಇಂಜಿನ್ ಆಯಿಲಿನ ಕೋಟಿಂಗ್ ಹೊಡೆಸಿಕೊಂಡು ಹೋಗುತ್ತವೆ. ಆಮೇಲೆ ಎಷ್ಟು ಸುರಿದರೂ ತುಕ್ಕಿನ ಭಯವಿಲ್ಲ.

ಹೀಗಿರುವಾಗ, ಮಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಓದುವ ಮಗಳು ಶಿಫಾ ಒಮ್ಮೆ ಫೋನಿನಲ್ಲಿ, ಕೊಲೆಸ್ಟ್ರಾಲಿಗೂ ಒಂದು ಥರ ತುಕ್ಕು ಹಿಡಿಯುತ್ತದೆ, ಅದನ್ನು ತಡೆಯುವ ಅಂಶ ನೆಲ್ಲಿಕಾಯಿಯಂಥವುಗಳಲ್ಲಿದೆ ಎಂದಳು. ಉಳಿದದ್ದೆಲ್ಲ ಅವನಿಗೆ ತಾನಾಗಿಯೇ ಹೊಳೆಯಿತು. ದಿನಾ ಬೆಳಿಗ್ಗೆ ಒಂದು ಲೋಟ ನೆಲ್ಲಿಕಾಯಿ ರಸ ಇಳಿಸತೊಡಗಿದ. ಕೋಟಿಂಗ್ ಆದಮೇಲೆ, ಕೊಲೆಸ್ಟ್ರಾಲಿಗೆಂದು ಡಾಕ್ಟರು ಕೊಟ್ಟ ಮಾತ್ರೆ ಯಾಕೆ? ಅದು ಸ್ಪ್ಯಾನರ್ ಪೆಟ್ಟಿಗೆಯ ತಳ ಸೇರಿತು. ಪರೋಟದ ಮೇಲಿನ ತುಪ್ಪ ಮಾತ್ರ ದಪ್ಪವಾಗುತ್ತಾ ಹೋಯಿತು.

ರಜೆಗೆ ಬಂದ ಶಿಫಾ, ಅಪ್ಪನಿಗೆ ಸ್ಪ್ಯಾನರ್ ಹುಡುಕಲು ಹೋಗಿ ಮಾತ್ರೆ ಹುಡುಕಿಕೊಂಡು ಬಂದಳು. ಪಟ್ಟಿಯಿಂದ ಒಂದನ್ನೂ ಒಡೆದಿರಲಿಲ್ಲ. ಅವಳ ಮುಖ ಸಣ್ಣದಾಯಿತು. ದೊಡ್ಡಪ್ಪ ಅಫ್ಜಲ್ ಇನ್ನೂ ತಲೆ ನರೆಯುವ ಮೊದಲೇ ಎದೆ ಹಿಡಿದುಕೊಂಡು ಹೋದದ್ದನ್ನು ಆ ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಅಮ್ಮ ರಹೀಮುನ್ನೀಸಾ ಈಗಲೂ ಗಂಡ ಕೆಮ್ಮಿದರೆ ಒಲೆ ಬಿಟ್ಟು ಬರುತ್ತಾಳೆ. ಆದರೆ ಅಪ್ಪನನ್ನು ಬೈದರೆ ಕೆಲಸ ಕೆಡುತ್ತದೆಂದು ಶಿಫಾಳಿಗೆ ಗೊತ್ತು. ಹಳೇ ಟೈರಿನ ಮೇಲೆ ಕೂತು, ಮಾತ್ರೆ ಮಡಿಲಲ್ಲಿಟ್ಟುಕೊಂಡು, ಜೀಪಿನ ಅಡಿಯಲ್ಲಿ ಮಲಗಿದ್ದ ಅವನ ಕಾಲುಗಳಿಗೆ ಪಾಠ ಶುರುಮಾಡಿದಳು.

ಕೊಲೆಸ್ಟ್ರಾಲಿನ ಕಣಗಳು ರಕ್ತನಾಳದ ಗೋಡೆಯೊಳಗೆ ನುಸುಳಿ ಕೂತು ಅಲ್ಲೇ ಕೆಡುತ್ತವಂತೆ. ಗುಡಿಸಿ ಚೊಕ್ಕ ಮಾಡಲು ಮೈಯ ಕಾವಲು ಕಣಗಳು ಓಡಿಬರುತ್ತವಂತೆ. ಆದರೆ ಅವಕ್ಕೆ ಸಾಕು ಎನ್ನುವ ಬುದ್ಧಿಯಿಲ್ಲ.

"ದಾನಿಶ್ ಮಾಮಾ ಮದುವೆಯ ವಲೀಮಾ ಊಟಕ್ಕೆ ಕೂತ ಹಾಗೆ. ತಿಂದು ತಿಂದು ನೊರೆ ಹಾಗೆ ಉಬ್ಬಿ, ಕೊನೆಗೆ ಅಲ್ಲೇ ಸಾಯ್ತಾವೆ ಅಬ್ಬಾ. ಗುಡಿಸೋಕೆ ಬಂದವ್ರೇ ಕಸ."

"ಅದಕ್ಕೇ ನೆಲ್ಲಿಕಾಯಿ ಕುಡಿಯೋದು," ಎಂದವು ಕಾಲುಗಳು.

ಪ್ರಯೋಗಾಲಯದ ತಟ್ಟೆಯಲ್ಲಿ ಅಂಥ ಅಂಶಗಳು ಆ ಕಾವಲು ಕಣಗಳನ್ನು ಸಾಯದಂತೆ ಉಳಿಸುವುದು ನಿಜವೇ ಎಂದು ಅವಳು ಒಪ್ಪಿಕೊಂಡಳು. ಆದರೆ ಮನುಷ್ಯರಿಗೆ ಅಂಥ ಗುಳಿಗೆ ಕೊಟ್ಟು ನೋಡಿದಾಗ ಹೃದಯಕ್ಕೆ ಆ ಲಾಭ ಕಂಡಿಲ್ಲ, ಮೊದಲು ಕೊಲೆಸ್ಟ್ರಾಲಿನ ಹೊರೆಯೇ ಇಳಿಯಬೇಕು ಎಂದಳು. ಅಪ್ಪ ತಟ್ಟೆಯವರೆಗೆ ಕೇಳಿಸಿಕೊಂಡು, ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ.

ಅಷ್ಟು ಹೊತ್ತೂ ನಗು ತಡೆದು ನಿಂತಿದ್ದವನು ಮಲ್ಲಂದೂರು ಎಸ್ಟೇಟಿನ ಡ್ರೈವರ್ ಧರ್ಮೇಶ್. ಜೀಪು ಅವನು ತಂದದ್ದೇ. ಹೋದ ವರ್ಷ ಇಲ್ಲಿಗೆ ತರಲು ಸೋಮಾರಿತನವಾಗಿ, ಅವನೇ ಎಸ್ಟೇಟಿನ ಶೆಡ್ಡಿನಲ್ಲಿ ಅದಕ್ಕೆ ಆಯಿಲ್ ಬಳಿದಿದ್ದ. ಶಂಶುದ್ದೀನ್ ಅಡಿಯಿಂದ ಸ್ಕ್ರೂಡ್ರೈವರ್ ಒತ್ತಿದ. ಅದು ಹಪ್ಪಳಕ್ಕೆ ಚುಚ್ಚಿದಂತೆ ತುಕ್ಕು ತಿಂದ ತಗಡಿನೊಳಗೆ ಹೋಯಿತು.

"ನೀರು ಹೊಡೆದಿದ್ಯಾ ಮೊದ್ಲು?"

ಧರ್ಮೇಶ್ ತಲೆ ಕೆರೆದುಕೊಂಡ. "ಇಲ್ಲ ಶಂಶಣ್ಣ. ಆಯಿಲ್ ಮಾತ್ರ ದಪ್ಪಕ್ಕೇ ಹಾಕಿದ್ದೆ."

ಶಂಶುದ್ದೀನನ ಕಸುಬಿನ ಮಾನಕ್ಕೇ ಪೆಟ್ಟು ಬಿದ್ದಂತಾಯಿತು. "ಎಂಥ ಮಾರಾಯ ನೀನು! ಕೆಸರು ಒಳಗೇ ಇಟ್ಕೊಂಡು ಮೇಲಿಂದ ಬಳಿದ್ರೆ ಒಳಗೊಳಗೇ ತಿಂದು ಹಾಕಲ್ವಾ? ಮೊದ್ಲು ಹೊಲಸು ಇಳಿಸ್ಬೇಕು. ಕೋಟಿಂಗ್ ಎಲ್ಲ ಆಮೇಲೆ."

ಧರ್ಮೇಶ್ ಶಿಫಾಳ ಮುಖ ನೋಡಿದ. ಶಿಫಾ ತುಂಬ ಮರ್ಯಾದೆಯಿಂದ, "ಅಬ್ಬಾ, ಇನ್ನೊಂದ್ಸಲ ಹೇಳಿ, ಬರ್ಕೊಳ್ತೀನಿ," ಎಂದಳು.

ಕಾಲುಗಳು ಅಲುಗಾಡಲಿಲ್ಲ. ಅಷ್ಟು ಹೊತ್ತು ನೋಡುವಂಥದ್ದು ಆ ಜೀಪಿನಡಿ ಏನೂ ಇರಲಿಲ್ಲ. ಕೊನೆಗೆ ಒಳಗಿನಿಂದ ಸ್ವರ ಬಂತು. "ರಸ ಬಿಡ್ಬೇಕಾ ಹಾಗಾದ್ರೆ?"

"ಯಾಕೆ, ಕುಡೀರಿ, ಒಳ್ಳೇದೇ. ತುಪ್ಪ ಕಮ್ಮಿ ಮಾಡಿ. ನಾಳೆ ಇಬ್ರೂ ಡಾಕ್ಟರ ಹತ್ರ ಹೋಗಿ, ಮಾತ್ರೆ ತಗೊಳ್ಳದೇ ಇದ್ದದ್ದು ಹೇಳಿ ಬರೋಣ."

ಆಮೇಲೆ ಜೀಪಿನಡಿಯಿಂದ ಎಣ್ಣೆ ಮೆತ್ತಿದ ಕೈಯೊಂದು ಅಂಗೈ ಮೇಲಾಗಿ ಹೊರಗೆ ಬಂತು. ಧರ್ಮೇಶ್ ಓಡಿ ಅದರಲ್ಲಿ ಹನ್ನೆರಡನೇ ನಂಬರಿನ ಸ್ಪ್ಯಾನರ್ ಇಟ್ಟ. ಕೈ ಅದನ್ನು ಪಕ್ಕಕ್ಕೆ ಹಾಕಿ, ಮತ್ತೆ ಬಿಚ್ಚಿಕೊಂಡು ಕಾಯುತ್ತಾ ಕೂತಿತು.

"ಕೈ ತೊಳ್ಕೊಂಡು ಬನ್ನಿ ಅಬ್ಬಾ," ಎಂದು ಶಿಫಾ ಮಡಿಲಿನ ಮಾತ್ರೆ ಕೈಗೆತ್ತಿಕೊಂಡು, ಕುಡಿಯುವ ನೀರು ತರಲು ಎದ್ದಳು.