ಮುಳ್ಳು ಎತ್ತಿದ ಮೇಲೆ

ರೆಕಾರ್ಡು ತಯಾರಿಸುವ ನಮ್ಮ ಕಾರ್ಖಾನೆಯಲ್ಲಿ ಹಾಡು ಕೇಳಿ ಸಂಬಳ ತೆಗೆದುಕೊಳ್ಳುವವಳು ನಾನೊಬ್ಬಳೇ. ಪುಣ್ಯವಂತೆ ಅನ್ನುತ್ತಾರೆ ಜನ. ತಲೆದೂಗುವುದು ನನ್ನ ಕೆಲಸವಲ್ಲ ಮಹಾರಾಯರೇ, ತಪ್ಪು ಹುಡುಕುವುದು. ಮೊದಲು ಒಂದೇ ಒಂದು ಸ್ಯಾಂಪಲ್ ತೆಗೆದು ನನ್ನ ಕೋಣೆಗೆ ಕಳಿಸುತ್ತಾರೆ. ಎಲ್ಲಿ ಚಿಟ್ ಅಂತು, ಎಲ್ಲಿ ಕರಕರ ಅಂತು, ಎಷ್ಟನೇ ನಿಮಿಷ ಎಂದು ಚೀಟಿಯಲ್ಲಿ ಬರೆಯುತ್ತೇನೆ. ನಾನು ಸೈ ಅನ್ನದೆ ಎರಡನೇ ಪ್ರತಿ ಹುಟ್ಟುವುದಿಲ್ಲ. ಹತ್ತೊಂಬತ್ತು ವರ್ಷ ನನ್ನ ಚೀಟಿಗೆ ಯಾರೂ ಎದುರಾಡಿಲ್ಲ. ಆ ಜಂಬ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಅಂದು ಬೆಳಿಗ್ಗೆ ಮೇಜಿನ ಮೇಲಿದ್ದುದು ಹೊಸ ಬ್ಯಾಂಡೊಂದರ ಮೊದಲ ಆಲ್ಬಮ್. ಮೂರನೇ ಸ್ಯಾಂಪಲ್. ಹಿಂದಿನ ಎರಡನ್ನೂ ನಾನೇ ತಳ್ಳಿಹಾಕಿದ್ದೆ. ಎರಡು ಸಲವೂ ಕಾರಣ ಒಂದೇ: ಹಾಡಿನ ನಡುವೆ ಸದ್ದಿಲ್ಲದ ಕಡೆಯೆಲ್ಲ ಸಣ್ಣಗೆ ‘ಕುಂಯ್’. ಮೂರನೆಯದೂ ಕೆಟ್ಟರೆ ಗೆರೆಯಣ್ಣನನ್ನು ಯಂತ್ರದಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕುವುದಾಗಿ ಮ್ಯಾನೇಜರು ಹೇಳಿಬಿಟ್ಟಿದ್ದರು. ಹಾಡನ್ನು ಮೂಲ ತಟ್ಟೆಯ ಮೇಲೆ ಗೆರೆಯಾಗಿ ಕೊರೆಯುವವನು ಅವನು, ಅದಕ್ಕೇ ಆ ಹೆಸರು. ಆ ಯಂತ್ರ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ.

ಬ್ಯಾಂಡಿನ ನಾಲ್ವರೂ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಿಮ್ಮ ಈ ಡೂಮ್ ಮೆಟಲ್ ಸಂಗೀತ ಅಂದರೇನಮ್ಮ ಎಂದು ಹಾಡುವವಳನ್ನು ಮೊದಲ ದಿನವೇ ಕೇಳಿದ್ದೆ. "ಭಯ ಇರುತ್ತಲ್ಲ ಆಂಟಿ, ಅದನ್ನೇ ನಿಧಾನಕ್ಕೆ ಬಾರಿಸೋದು" ಅಂದಿದ್ದಳು. ಎಮ್ಮೆ ರಸ್ತೆ ದಾಟಿದ ಹಾಗೆ ಎಂದು ನಾನು ನಕ್ಕಿದ್ದೆ.

ಹೆಡ್‌ಫೋನು ಹಾಕಿ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದೆ. ಗಿಟಾರಿನ ಒಂದು ಪೆಟ್ಟು ಬಿತ್ತು, ಹೊಟ್ಟೆಯೊಳಗೇ ಬಿದ್ದಂತೆ. ಅದು ಪೂರ್ತಿ ಸಾಯುವವರೆಗೆ ಅವರು ಕಾಯುತ್ತಾರೆ. ಇನ್ನೊಂದು ಈಗ ಬಂತು ಅನ್ನುವಾಗ ಬರುವುದಿಲ್ಲ. ಮನೆಯೊಳಗೆ ಯಾರೋ ಹೊಕ್ಕಿದ್ದಾರೆಂದು ಮಲಗಿದಲ್ಲೇ ಉಸಿರು ಹಿಡಿದು ಆಲಿಸುತ್ತೇವಲ್ಲ, ಹಾಗೆ ಕೂತಿದ್ದೆ. ‘ಇಳಿಯುತ್ತಿದ್ದೇನೆ, ದೀಪ ತರಬೇಡಿ’ ಎಂದು ಆ ಹುಡುಗಿ ಹಾಡಿದಾಗ ಮೈ ಜುಮ್ಮೆಂದಿತು. ಮತ್ತೆ ಮೌನ. ಆ ಮೌನದಲ್ಲಿ ಮತ್ತದೇ ಕುಂಯ್.

ಹದಿನಾಲ್ಕು ಕಡೆ ಗುರುತು ಹಾಕಿದೆ. ಗೆರೆಯಣ್ಣನ ಮೇಲೆ ಸಿಟ್ಟು ನೆತ್ತಿಗೇರಿತು. ಇನ್ನೊಮ್ಮೆ ಮೊದಲಿಂದ ಕೇಳೋಣವೆಂದು ಮುಳ್ಳು ಎತ್ತಿದೆ.

ಕುಂಯ್ ನಿಲ್ಲಲಿಲ್ಲ.

ರೆಕಾರ್ಡು ಪ್ಲೇಯರು ಆರಿಸಿದೆ. ಫ್ಯಾನು ಆರಿಸಿದೆ. ಹೆಡ್‌ಫೋನು ಕಳಚಿಟ್ಟೆ. ಎರಡೂ ಕಿವಿಗೆ ಬೆರಳಿಟ್ಟರೆ ಅದು ಇನ್ನೂ ಜೋರಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎರಡು ಸಲ ಬರೆದು ರುಜು ಹಾಕಿ ಹಾಗೆಂದವಳು ನಾನು. ಎಂದಿನಿಂದ ಇದೆಯೋ ಇದು? ಬೇರೆ ರೆಕಾರ್ಡುಗಳಲ್ಲಿ ಸೂಜಿ ತೂರುವಷ್ಟೂ ಮೌನವಿರುವುದಿಲ್ಲ. ಮನೆಯಲ್ಲಿ ಮಿಕ್ಸಿ, ಟೀವಿ, ಗಂಡನ ಗೊರಕೆ. ಕಿವಿ ಹೋದ ಮೇಲೆ ಈ ಕೋಣೆಯಲ್ಲಿ ನಾನು ಯಾರು? ಇನ್ನು ಸಾಯುವವರೆಗೆ ಸುಮ್ಮನಿರುವುದೆಂದರೇನೆಂದೇ ನನಗೆ ಗೊತ್ತಾಗುವುದಿಲ್ಲವೇ? ಚೀಟಿ ಹಾಗೇ ಕೊಟ್ಟರೆ ಗೆರೆಯಣ್ಣ ಹೋಗುತ್ತಾನೆ, ನಿಜ ಹೇಳಿದರೆ ನಾನು. ಕೊಟ್ಟುಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಗೆರೆಯಣ್ಣನೇ ಬಾಗಿಲು ತಳ್ಳಿದ. "ಇದೂ ಹೋಯ್ತಾ ಅಕ್ಕಾ?"

"ನೀನೇ ಕೇಳು ಬಾ" ಎಂದು ಹೆಡ್‌ಫೋನು ಕೊಟ್ಟೆ. ಅವನಿಗೂ ಅದು ಕೇಳಿಸಲಿ ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಕಣ್ಣು ಮುಚ್ಚದೆ ಕೇಳುವ ಅಭ್ಯಾಸ ಅವನಿಗಿಲ್ಲ. ಎರಡು ಪೆಟ್ಟು ಕೇಳಲು ಬಿಟ್ಟೆ. ಎರಡನೆಯದು ಸಾಯುತ್ತಿದ್ದಂತೆ ಸದ್ದನ್ನು ಸೊನ್ನೆಗಿಳಿಸಿ, ಮುಳ್ಳು ಎತ್ತಿ ಪಕ್ಕಕ್ಕಿಟ್ಟೆ. ತಟ್ಟೆಯನ್ನೂ ನಿಲ್ಲಿಸಿದೆ. ಅವನು ಕಣ್ಣು ಮುಚ್ಚಿಯೇ ಇದ್ದ. ಹಣೆಯ ಮೇಲೆ ಬೆವರು ಮೂಡುತ್ತಿತ್ತು.

"ಕೇಳ್ತಿದೆಯಾ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

ಕಣ್ಣು ಬಿಡದೆಯೇ ಹೇಳಿದ: "ಹೂಂ ಅಕ್ಕಾ. ಕೇಳ್ತಿದೆ. ನಿಮ್ಮ ಕಿವಿ ಯಾವತ್ತಾದ್ರೂ ತಪ್ಪಿದ್ದುಂಟಾ? ತಪ್ಪು ನಂದೇ. ಪ್ಯಾಕಿಂಗಿಗೆ ಹೋಗ್ತೀನಿ ಬಿಡಿ."

ಆ ರೆಕಾರ್ಡಿನಲ್ಲಿದ್ದ ಯಾವುದೂ ನನ್ನನ್ನು ಆ ಮಾತಿನಷ್ಟು ಹೆದರಿಸಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಕಣ್ಣು ಬಿಡಪ್ಪ" ಅಂದೆ.

ಬಿಟ್ಟ. ಪಕ್ಕಕ್ಕಿಟ್ಟ ಮುಳ್ಳನ್ನು ನೋಡಿದ, ನಿಂತ ತಟ್ಟೆಯನ್ನು ನೋಡಿದ, ಆಮೇಲೆ ನನ್ನನ್ನು. ಹೆಡ್‌ಫೋನು ತೆಗೆಯುವುದನ್ನೇ ಮರೆತಿದ್ದ.

"ಅದು ಕೇಳೋದು ನಂಗೊಬ್ಬಳಿಗೇ" ಅಂದೆ. "ಈಗಲೂ ಕೇಳ್ತಿದೆ."

ಹೊಸ ಚೀಟಿ ತೆಗೆದು ‘ತಪ್ಪಿಲ್ಲ’ ಎಂದಷ್ಟೇ ಬರೆದೆ. ಕೆಳಗೆ ‘ಕೇಳಿದವರು’ ಎಂದಿರುವಲ್ಲಿ, ನನ್ನ ರುಜುವಿನ ಜಾಗದಲ್ಲಿ, ಅವನ ಕೈಯಿಂದ ರುಜು ಹಾಕಿಸಿದೆ.