ಹಿಟ್ಟೊಂದನ್ನು ಬಿಟ್ಟು ಎಲ್ಲದರ ಮೇಲೂ ಅನುಮಾನ

ನಮ್ಮ ಭಾವ ಸೀನಿದರೆ ಬೀದಿಗೆ ಬೆಳಗಾಗುತ್ತಿತ್ತು. ಒಂದೆರಡು ಸೀನಲ್ಲ, ಸಾಲು ಸಾಲು. ಎದುರುಮನೆಯ ಟೈಲರಮ್ಮ ಅಲಾರಾಂ ಇಡುವುದನ್ನೇ ಬಿಟ್ಟಿದ್ದಳು. "ನಿಮ್ಮ ಭಾವ ಎರಡನೇ ಸಲ ಶುರು ಮಾಡಿದಾಗ ಎದ್ರೆ ಸಾಕು, ಮಕ್ಕಳ ಸ್ಕೂಲಿಗೆ ಸರಿಹೋಗುತ್ತೆ" ಅನ್ನುತ್ತಿದ್ದಳು. ಬೀದಿಯೆಲ್ಲ ನಗುತ್ತಿತ್ತು. ಭಾವನೂ ನಗುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ನಾನು ಆಸ್ಪತ್ರೆಯಲ್ಲಿ ನರ್ಸು. ಅಕ್ಕನ ಮನೆಯ ಹಿಂದಿನ ಬೀದಿಯಲ್ಲೇ ನನ್ನ ಮನೆ. ದಿನವಿಡೀ ಕಂಡವರಿಗೆಲ್ಲ ಆರೋಗ್ಯದ ಬುದ್ಧಿ ಹೇಳಿ ಬಂದು, ಸ್ವಂತ ಅಕ್ಕನ ಗಂಡನ ಕಿವಿಗೆ ಒಂದು ಮಾತು ಹಾಕಲಾಗದೆ ನಾನು ಪಟ್ಟ ಪಾಡು ಯಾರಿಗೂ ಬೇಡ.

ಭಾವನದು ಬೇಕರಿ. ಮುಂದೆ ಅಂಗಡಿ, ಅಲ್ಲಿ ಅಕ್ಕ ಕೂರುತ್ತಾಳೆ. ಮೇಲೆ ಮನೆ. ಅಂಗಡಿಯ ಹಿಂದೆ ಒಲೆಯ ಕೋಣೆ. ಅದನ್ನು ನೋಡಿಕೊಳ್ಳುವ ಹಳೇ ಕೆಲಸಗಾರನನ್ನು ಎಲ್ಲರೂ ಒಲೆಯಣ್ಣ ಅಂತಲೇ ಕರೆಯುತ್ತಾರೆ. ಅದರ ಪಕ್ಕದ್ದು ಹಿಟ್ಟು ಕಲಸುವ ಕೋಣೆ. ಅದು ಭಾವನ ರಾಜ್ಯ. ಒಂದೇ ಒಂದು ಕಿಟಕಿ, ಅದನ್ನೂ ತೆರೆಯಲು ಬಿಡುತ್ತಿರಲಿಲ್ಲ. ಫ್ಯಾನಿನ ರೆಕ್ಕೆ ಬಿಳಿ, ಬಲ್ಬು ಬಿಳಿ, ಗೋಡೆಯ ಗಡಿಯಾರದ ಮುಖ ಬಿಳಿ. ಭಾವ ಮೂಟೆಯನ್ನು ಹೆಗಲಿಗೇರಿಸಿ, ಕಲಸುವ ಯಂತ್ರದೊಳಕ್ಕೆ ಎತ್ತರದಿಂದ ಸುರಿಯುತ್ತಿದ್ದರು. ಕೋಣೆಯೆಲ್ಲ ಮೋಡ ಕವಿದ ಹಾಗೆ ಆಗುತ್ತಿತ್ತು. ಆಮೇಲೆ ಖಾಲಿ ಚೀಲವನ್ನು ಫಟ್ ಫಟ್ ಎಂದು ಕೊಡವುತ್ತಿದ್ದರು. ಸಂಜೆ ಒಣ ಪೊರಕೆಯಿಂದ ಗುಡಿಸುತ್ತಿದ್ದರು. ಮೋಡ ಮತ್ತೆ ಏಳುತ್ತಿತ್ತು.

ವರ್ಷಗಟ್ಟಲೆ ಅವರಿಗೆ ಏನೂ ಆಗಿರಲಿಲ್ಲ. ಮೊದಲು ಕಣ್ಣು ತುರಿಸಲು ಶುರುವಾಯಿತು. ಆಮೇಲೆ ಮೂಗು ಸೋರಿತು, ಸೀನು ಬಂತು. ಆಮೇಲೆ ಕೆಮ್ಮು. ಕೊನೆಗೆ ಮೆಟ್ಟಿಲು ಹತ್ತಿ ಮನೆಗೆ ಬರುವಷ್ಟರಲ್ಲಿ ಎದೆಯೊಳಗೆ ಯಾರೋ ಸಿಳ್ಳೆ ಹಾಕಿದ ಸದ್ದು.

ಭಾವ ಕಾರಣ ಹುಡುಕಿದರು. ಫ್ರಿಜ್ಜಿನ ನೀರು ಅಂದರು. ಮನೆಯಲ್ಲಿ ಯಾರೂ ತಣ್ಣೀರು ಕುಡಿಯುವ ಹಾಗಿಲ್ಲ ಅಂತಾಯಿತು. ಅಂಗಡಿ ಬಾಗಿಲಿಗೆ ಹೊಡೆದ ಬಣ್ಣದ ವಾಸನೆ ಅಂದರು. ಅಕ್ಕನ ಪೌಡರ್ ಅಂದರು. ಅಕ್ಕ ಪೌಡರ್ ಡಬ್ಬಿಯನ್ನು ಅವರೆದುರಿಗೇ ಕಸಕ್ಕೆ ಎಸೆದಳು. "ಇನ್ನು ನನ್ನನ್ನೂ ಎಸೆದುಬಿಡಿ, ಸೀನು ನಿಲ್ಲುತ್ತೇನೋ ನೋಡೋಣ" ಅಂದಳು. ಕೊನೆಗೆ ಬೆಕ್ಕಿನ ಸರದಿ. ಮಗಳು ಅತ್ತು ಕರೆದರೂ ಬಿಡದೆ ಬೆಕ್ಕನ್ನು ಮೀನಂಗಡಿಯವನಿಗೆ ಕೊಟ್ಟು ಬಂದರು. ಅವತ್ತಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು.

ಬೆಕ್ಕು ಹೋಯಿತು, ಸೀನು ಹೋಗಲಿಲ್ಲ.

ಡಾಕ್ಟರ ಹತ್ತಿರ ಹೋಗಿರಲಿಲ್ಲವೇ ಅಂತ ನೀವು ಕೇಳಬಹುದು. ಅಕ್ಕ ರಟ್ಟೆ ಹಿಡಿದು ಕರೆದುಕೊಂಡು ಹೋಗಿದ್ದಳು. ಡಾಕ್ಟರಮ್ಮ ಎರಡು ಇನ್ಹೇಲರ್ ಕೊಟ್ಟಿದ್ದರು. ಒಂದು, ಹುಷಾರಾಗಿದ್ದರೂ ದಿನಾ ಎಳೆದುಕೊಳ್ಳಬೇಕಾದದ್ದು; ಉಸಿರಿನ ದಾರಿ ಊದಿಕೊಳ್ಳದ ಹಾಗೆ ಕಾಯುವುದು. ಇನ್ನೊಂದು, ಉಸಿರು ಕಟ್ಟಿದಾಗ ಮಾತ್ರ. ಆ ಕ್ಷಣಕ್ಕೆ ದಾರಿ ಬಿಡಿಸುವುದು. ಭಾವ ಔಷಧಿ ತೆಗೆದುಕೊಳ್ಳುವುದನ್ನು ನಾನು ಒಂದು ದಿನ ಕಣ್ಣಾರೆ ಕಂಡೆ. ಬಾಯಿ ತೆರೆದರು, ನಾಲಿಗೆ ಮೇಲೆ ಪುಸ್ ಎಂದು ಹೊಡೆದುಕೊಂಡರು, ಬಾಯಿ ಮುಚ್ಚಿ ನುಂಗಿದರು.

"ಭಾವ! ಏನು ಮಾಡ್ತಿದೀರಿ?"

"ಔಷಧಿ ತಗೋತಿದೀನಿ. ರುಚಿ ಚೆನ್ನಾಗಿಲ್ಲ."

ನಾನು ತಲೆ ಚಚ್ಚಿಕೊಂಡೆ. "ಅದು ನಾಲಿಗೆಗಲ್ಲ, ಎದೆಗೆ! ಮೊದಲು ಉಸಿರು ಪೂರ್ತಿ ಬಿಡಿ. ತುಟಿ ಬಿಗಿಯಾಗಿ ಹಿಡಿದು, ಒತ್ತಿದ ಹಾಗೇ ನಿಧಾನಕ್ಕೆ ಒಳಗೆ ಎಳೀರಿ. ಆಮೇಲೆ ಸ್ವಲ್ಪ ಹೊತ್ತು ಉಸಿರು ಹಿಡೀರಿ. ಕಷ್ಟ ಆದ್ರೆ ಸ್ಪೇಸರ್ ಅಂತ ಒಂದು ಕೊಳವೆ ಬರುತ್ತೆ, ಅದಕ್ಕೆ ಸಿಕ್ಕಿಸಿ ಎಳೆದ್ರೆ ಸುಲಭ. ದಿನಾ ತಗೊಳ್ಳೋದನ್ನ ತಗೊಂಡ ಮೇಲೆ ಬಾಯಿ ಮುಕ್ಕಳಿಸಬೇಕು."

"ಅಯ್ಯೋ ನರ್ಸಮ್ಮ, ಇಷ್ಟೆಲ್ಲಾ ಯಾರು ಮಾಡ್ತಾರೆ? ಅದೂ ಅಲ್ದೆ ದಿನಾ ಎಳೆದ್ರೆ ಚಟ ಅಂಟ್ಕೊಳ್ಳುತ್ತಂತೆ."

"ಯಾರು ಹೇಳಿದ್ದು?"

"ಮೀನಂಗಡಿಯವನು."

ಬೆಕ್ಕು ಸಾಕುವವನ ಮಾತಿಗೆ ಇರುವ ಬೆಲೆ ನನ್ನ ಮಾತಿಗಿಲ್ಲ! "ಭಾವ, ಕಣ್ಣು ಕಾಣದೇ ಇದ್ದೋರು ಕನ್ನಡಕ ಹಾಕ್ಕೋತಾರೆ. ಅದನ್ನ ಚಟ ಅಂತೀರಾ?" ಅಂದೆ. ಅವರು ಆಗಲೇ ಒಳಗೆ ಹೋಗಿ ಮೂಟೆ ಬಿಚ್ಚುತ್ತಿದ್ದರು.

ಸುಳಿವು ಸಿಕ್ಕಿದ್ದು ಅಕ್ಕನಿಗೆ. ಭಾವನ ಅಕ್ಕನ ಮನೆಗೆ ಅವರೆಲ್ಲ ಒಂದು ವಾರ ಹೋಗಿದ್ದರು. ಅಲ್ಲಿದ್ದಷ್ಟು ದಿನ ಸೀನಿಲ್ಲ, ಕೆಮ್ಮಿಲ್ಲ. ವಾಪಸ್ ಬಂದು ಕೋಣೆಯ ಬಾಗಿಲು ತೆರೆದರೋ ಇಲ್ಲವೋ, ಸಾಲು ಸಾಲು ಸೀನು.

"ಅಲ್ಲಿ ಗಾಳಿ ಚೆನ್ನಾಗಿದೆ, ಅದಕ್ಕೆ" ಅಂದರು ಭಾವ.

"ಎಲ್ಲಿ? ಅತ್ತಿಗೆ ಮನೆ ಇರೋದು ಬಸ್ ಡಿಪೋ ಪಕ್ಕ!" ಅಕ್ಕ ಕೂಗಿದಳು. "ಬೆಳಗಿಂದ ಸಂಜೆವರೆಗೂ ಹೊಗೆ! ಒಣಗೋಕೆ ಹಾಕಿದ ಬಟ್ಟೆ ಕಪ್ಪಾಗುತ್ತೆ!"

ನಾನು ಆಗ ಬಿಡಿಸಿ ಹೇಳಿದೆ. "ಭಾವ, ನಿಮಗೆ ಹಿಟ್ಟಿನ ಧೂಳಿನ ಅಲರ್ಜಿ ಇರಬಹುದು. ನಮ್ಮ ಮೈ ಒಂದೊಂದು ಸಲ ಏನೂ ಕೆಡುಕು ಮಾಡದ ವಸ್ತುನ ಶತ್ರು ಅಂದ್ಕೊಂಡು ಜಗಳಕ್ಕೆ ನಿಲ್ಲುತ್ತೆ. ಅದೇ ಅಲರ್ಜಿ. ಎಷ್ಟೋ ವರ್ಷ ಸುಮ್ಮನಿದ್ದು ಆಮೇಲೂ ಶುರುವಾಗಬಹುದು. ಮೊದಲು ಮೂಗು ಕಣ್ಣಲ್ಲಿ ಜಗಳ, ಬಿಟ್ಟರೆ ಎದೆಗೆ ಇಳಿದು ಉಬ್ಬಸ ಆಗಬಹುದು."

ಭಾವನ ಮುಖ ಕೆಂಪಾಯಿತು. "ಹಿಟ್ಟಾ? ನಾನು ಹುಟ್ಟಿ ಬೆಳೆದಿದ್ದೇ ಹಿಟ್ಟಲ್ಲಿ. ದಿನಾ ಬ್ರೆಡ್ ತಿಂತೀನಿ, ಏನಾಗಿದೆ ನನಗೆ?"

"ತಿನ್ನೋದು ಬೇರೆ, ಉಸಿರಲ್ಲಿ ಎಳೆಯೋದು ಬೇರೆ. ತಿಂದು ಜೀರ್ಣ ಮಾಡ್ಕೊಳ್ಳೋರಿಗೂ ಧೂಳು ಆಗಿಬರದೇ ಇರಬಹುದು."

"ನಮ್ಮಪ್ಪ ಮುದುಕರಾಗೋವರೆಗೂ ಹಿಟ್ಟು ಕಲಸಿದ್ರು."

"ಕೊನೆಕೊನೆಗೆ ಅವರಿಗೆ ಏನಾಗಿತ್ತು ಭಾವ?"

ಅವರು ಕರ್ಚೀಫಿನಿಂದ ಮೂಗು ಒರೆಸಿಕೊಂಡರು. "ಸ್ವಲ್ಪ ದಮ್ಮಿತ್ತು. ವಯಸ್ಸಾಗಿತ್ತಲ್ಲ."

"ಸ್ವಲ್ಪಾನಾ?" ಅಂದಳು ಅಕ್ಕ. "ಮಾವ ಮಲಗೋಕಾಗದೆ ಕುರ್ಚಿಲೇ ಕೂತು ನಿದ್ದೆ ಮಾಡ್ತಿದ್ರು. ನಾನೇ ಬೆನ್ನಿಗೆ ದಿಂಬು ಕೊಡ್ತಿದ್ದೆ."

ಭಾವ ಎದ್ದು ಹೊರಗೆ ಹೋದರು. ಬಾಗಿಲನ್ನು ಬೇಕೆಂದೇ ಜೋರಾಗಿ ಎಳೆದುಕೊಂಡರು.

ಇದಾದ ಕೆಲವೇ ದಿನಕ್ಕೆ ದೊಡ್ಡದೊಂದು ಆರ್ಡರ್ ಬಂತು. ಮಧ್ಯಾಹ್ನದ ಹೊತ್ತು. ನನಗೆ ರಜೆ; ಅಂಗಡಿಯಲ್ಲಿ ಅಕ್ಕನ ಜೊತೆ ಕೂತಿದ್ದೆ. ಒಳಗಿನಿಂದ ಒಲೆಯಣ್ಣ ಕೂಗಿಕೊಂಡ. ಓಡಿದೆವು.

ಭಾವ ಹಿಟ್ಟಿನ ಮೂಟೆಯ ಮೇಲೆ ಕೂತಿದ್ದರು. ಎರಡೂ ಕೈ ಮೊಣಕಾಲಿನ ಮೇಲೆ. ಉಸಿರಿಗೊಮ್ಮೆ ಹೆಗಲು ಮೇಲೇರುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. "ಏನೂ... ಇಲ್ಲ... ನೀನು..." ಅಂದರು. ಮಾತು ಮುಗಿಸಲು ಆಗಲಿಲ್ಲ. ತುಟಿಯ ಬಣ್ಣ ಬದಲಾಗುತ್ತಿತ್ತು. ಒಲೆಯಣ್ಣ ಪಾಪ, ಗಾಳಿ ಬರಲಿ ಅಂತ ಫ್ಯಾನು ಜೋರು ಮಾಡಿದ್ದ. ರೆಕ್ಕೆಯ ಮೇಲಿದ್ದ ಹಿಟ್ಟೆಲ್ಲ ಅವರ ಮುಖಕ್ಕೇ ಬೀಳುತ್ತಿತ್ತು.

"ಫ್ಯಾನ್ ಆರಿಸಿ! ಹೊರಗೆ ಕರ್ಕೊಂಡು ಬನ್ನಿ! ಮಲಗಿಸಬೇಡಿ, ಕೂರಿಸಿ!"

ಬೀದಿಯ ಗಾಳಿಗೆ ಕುರ್ಚಿ ಹಾಕಿ ಕೂರಿಸಿದೆವು. ಅಂಗಿಯ ಗುಂಡಿ ಬಿಚ್ಚಿದೆ. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಅಕ್ಕ ಮೇಲೆ ಓಡಿ ಎರಡೂ ಇನ್ಹೇಲರ್ ತಂದಳು. ಉಸಿರು ಕಟ್ಟಿದಾಗ ಬಳಸುವುದನ್ನು ಅಲ್ಲಾಡಿಸಿ ಒತ್ತಿದೆ. ಏನೂ ಬರಲಿಲ್ಲ. ಖಾಲಿ. ಯಾರಿಗೂ ಹೇಳದೆ ದಿನಕ್ಕೆ ಎಷ್ಟು ಸಲ ಹೊಡೆದುಕೊಂಡಿದ್ದರೋ! ದಿನಾ ತೆಗೆದುಕೊಳ್ಳಬೇಕಾದದ್ದು ಮಾತ್ರ ಅಂಗಡಿಯಿಂದ ತಂದ ಹಾಗೇ ತುಂಬಿತ್ತು. ನನಗೆ ಕೋಪ, ಅಳು ಎರಡೂ ಒಟ್ಟಿಗೇ ಬಂತು.

ಮಗಳು ಸ್ಕೂಲಿನಿಂದ ಬಂದವಳು ಬ್ಯಾಗನ್ನು ಬೀದಿಯಲ್ಲೇ ಬಿಸಾಕಿ ಅಪ್ಪನ ಕೈ ಹಿಡಿದುಕೊಂಡಳು. ಭಾವ ಅವಳಿಗೆ ಏನೋ ಹೇಳಲು ಬಾಯಿ ತೆರೆದರು.

"ಮಾತಾಡಬೇಡ ಅಪ್ಪ. ಬರೀ ಉಸಿರಾಡು" ಅಂದಳು.

ಆಂಬುಲೆನ್ಸ್ ಬಂತು. ಆಮ್ಲಜನಕ ಹಾಕಿದರು, ಮಾಸ್ಕಿನಲ್ಲಿ ಔಷಧಿ ಕೊಟ್ಟರು. ಆಸ್ಪತ್ರೆ ತಲುಪುವ ಹೊತ್ತಿಗೆ ತುಟಿಗೆ ಬಣ್ಣ ಬಂದಿತ್ತು.

ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ ಅವರನ್ನು ಇನ್ನೊಂದು ದಿನ ಕರೆಸಿ ಚರ್ಮದ ಪರೀಕ್ಷೆ ಮಾಡಿದರು. ಮುಂಗೈ ಮೇಲೆ ಅಲರ್ಜಿ ತರಬಹುದಾದ ಬೇರೆಬೇರೆ ವಸ್ತುಗಳ ಹನಿ ಹಾಕಿ, ಸೂಜಿಯಿಂದ ಮೆಲ್ಲಗೆ ಚುಚ್ಚಿ, ಸ್ವಲ್ಪ ಹೊತ್ತು ಕಾದರು. ಗೋಧಿ ಹಿಟ್ಟಿನ ಹನಿ ಬಿದ್ದ ಜಾಗ ದಪ್ಪಗೆ ಕೆಂಪಗೆ ಊದಿಕೊಂಡಿತು. ಬೆಕ್ಕಿನ ಅಲರ್ಜಿಯ ಹನಿ ಹಾಕಿದ್ದಲ್ಲಿ ಚರ್ಮಕ್ಕೆ ಏನೂ ಆಗಿರಲಿಲ್ಲ. ಮಗಳು ಆ ಜಾಗವನ್ನೊಮ್ಮೆ, ಅಪ್ಪನ ಮುಖವನ್ನೊಮ್ಮೆ ನೋಡಿದಳು. ಅವತ್ತೇ ಸಂಜೆ ಭಾವ ಮೀನಂಗಡಿಗೆ ಹೋದರು. ಬೆಕ್ಕು ಗುಂಡಗಾಗಿ ಹಲಗೆಯ ಮೇಲೆ ಕೂತಿತ್ತು. ಎಷ್ಟು ಕರೆದರೂ ಬರಲಿಲ್ಲ.

ಅದಕ್ಕೂ ಮೊದಲು, ಪರೀಕ್ಷೆಯ ಕೋಣೆಯಲ್ಲಿ ಭಾವ ಊದಿದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದರು. "ನನಗೆ ಗೊತ್ತಿತ್ತು ಡಾಕ್ಟ್ರೇ" ಅಂದರು. "ಒಳಗೆಲ್ಲೋ ಗೊತ್ತಿತ್ತು. ಆದ್ರೆ ಹಿಟ್ಟೇ ಆಗಲ್ಲ ಅಂದ್ರೆ ನಾನು ಯಾರು? ನನಗೆ ಬರೋದು ಅದೊಂದೇ ಕೆಲಸ."

ಇಷ್ಟು ದಿನ ಅವರ ಮೇಲೆ ಹಲ್ಲು ಕಡಿದಿದ್ದ ನಾನು ಕಿಟಕಿಯಾಚೆ ನೋಡಿದೆ. ಇದು ಹಟ ಅಂದುಕೊಂಡಿದ್ದೆ. ಇದು ಭಯ.

"ಅಂಗಡಿ ಮುಚ್ಚಿ ಅಂತ ಹೇಳ್ತಿಲ್ಲ, ಧೂಳು ಮುಚ್ಚಿ ಅಂತಿದೀನಿ" ಅಂದರು ಡಾಕ್ಟರಮ್ಮ. "ಕಲಸೋ ಕೋಣೆ ನಿಮಗೆ ಬೇಡ. ಹೀಗೇ ಎಳೀತಾ ಹೋದ್ರೆ ಎದೆಗೆ ಆಗೋ ಹಾನಿ ಆಮೇಲೆ ಸರಿಹೋಗದೇ ಇರಬಹುದು. ದಿನಾ ತಗೊಳ್ಳೋ ಇನ್ಹೇಲರ್ ನಾನು ಹೇಳೋವರೆಗೂ ನಿಲ್ಲಿಸಬಾರದು. ಇನ್ನೊಂದು ಯಾವಾಗಲೂ ಜೇಬಲ್ಲಿರಬೇಕು. ಅದು ಮತ್ತೆ ಮತ್ತೆ ಬೇಕಾಗ್ತಿದೆ ಅಂದ್ರೆ ಕಾಯಿಲೆ ಹತೋಟಿಲಿಲ್ಲ ಅಂತ ಅರ್ಥ. ತಕ್ಷಣ ಬನ್ನಿ."

ಬೇಕರಿಯಲ್ಲಿ ಕೆಲಸ ಬದಲಾಯಿತು. ಭಾವ ಒಲೆಗೆ ಬಂದರು, ಒಲೆಯಣ್ಣ ಕಲಸಲು ಹೋದ. ಅವನ ಎದೆಯೂ ಎದೆಯೇ ತಾನೇ? ಹಾಗಾಗಿ ಕಿಟಕಿ ತೆರೆಯಿತು, ಗಾಳಿ ಹೊರಗೆ ಎಳೆಯುವ ಫ್ಯಾನು ಬಂತು. ಯಂತ್ರಕ್ಕೆ ಮೊದಲು ನೀರು, ಆಮೇಲೆ ಹಿಟ್ಟು. ಹಿಟ್ಟನ್ನು ತಗ್ಗಿನಿಂದ ಮೆಲ್ಲಗೆ ಜಾರಿಸಿ ಮುಚ್ಚಳ ಹಾಕಬೇಕು. ಖಾಲಿ ಚೀಲ ಕೊಡವುವ ಹಾಗಿಲ್ಲ, ಸುತ್ತಿ ಇಡಬೇಕು. ಒಣ ಪೊರಕೆ ಬಂದ್, ಒದ್ದೆ ಬಟ್ಟೆಯಲ್ಲಿ ಒರೆಸುವುದು. ಬಾಯಿಗೆ ಕರ್ಚೀಫು ಸಾಲದು, ಮುಖಕ್ಕೆ ಸರಿಯಾಗಿ ಕೂರುವ ಧೂಳಿನ ಮಾಸ್ಕು.

ಭಾವ ತಕ್ಷಣಕ್ಕೆ ಸರಿಹೋದರು ಅಂದುಕೊಂಡಿರಾ? ಮೊದಮೊದಲು ಕಲಸುವ ಕೋಣೆಯ ಬಾಗಿಲಲ್ಲೇ ಠಿಕಾಣಿ. "ನೀರು ಕಮ್ಮಿ ಆಯ್ತು! ಇನ್ನೂ ನಾದಬೇಕು!" ಒಲೆಯಣ್ಣ ರೋಸಿಹೋಗಿ, "ನೀವು ಆಚೆ ಹೋಗ್ತೀರೋ, ನರ್ಸಮ್ಮನ್ನ ಕರೀಲೋ?" ಅಂದ. ತಿಂಗಳು ಕಳೆದ ಮೇಲೆ ಇನ್ನೊಂದು ರಾಗ. "ಈಗ ಹುಷಾರಾಗಿದೀನಲ್ಲ, ಔಷಧಿ ಬಿಟ್ಬಿಡ್ಲಾ?"

"ಹುಷಾರಾಗಿರೋದು ಅದರಿಂದ್ಲೇ!" ಅಂತ ನಾನು, ಅಕ್ಕ, ಮಗಳು ಮೂವರೂ ಒಟ್ಟಿಗೆ ಕಿರುಚಿದೆವು. ಅವರು ಎರಡೂ ಕೈ ಎತ್ತಿ ಶರಣಾದರು.

ಮೊನ್ನೆ ಅಂಗಡಿಗೆ ಬಡಗಿಯೊಬ್ಬರು ಬ್ರೆಡ್ ಕೊಳ್ಳಲು ಬಂದರು. ಕೆಮ್ಮುತ್ತಿದ್ದರು, ಕಣ್ಣು ಕೆಂಪಗಿತ್ತು. ಭಾವ ಒಲೆ ಬಿಟ್ಟು ಹೊರಗೆ ಬಂದರು.

"ಎಷ್ಟು ದಿನದಿಂದ ಕೆಮ್ಮು? ಕೆಲಸಕ್ಕೆ ರಜ ಹಾಕಿದ ದಿನ ಹೇಗಿರುತ್ತೆ?"

"ರಜಾ ದಿನ ಏನೂ ಇರಲ್ಲ. ಹವಾ ಬದಲಾಗಿದೆ ನೋಡಿ, ಅದಕ್ಕೆ ಅನ್ಸುತ್ತೆ."

"ಹವಾನಾ? ರಜಾ ದಿನ ನಿಮಗೊಬ್ಬರಿಗೇ ಬೇರೆ ಹವಾ ಬೀಸುತ್ತಾ? ಮರದ ಪುಡಿ ಇರಬಹುದು ಕಣ್ರೀ! ಪರೀಕ್ಷೆ ಮಾಡಿಸಿ!"

ಬಡಗಿ ನಕ್ಕು, ಬ್ರೆಡ್ ತೆಗೆದುಕೊಂಡು ಹೊರಟುಬಿಟ್ಟರು. ಭಾವ ಬಾಗಿಲವರೆಗೆ ಹಿಂದೆ ಹೋಗಿ, ಬೀದಿಗೆ ಕೇಳುವ ಹಾಗೆ ಆಸ್ಪತ್ರೆಯ ದಾರಿ ಕೂಗಿ ಹೇಳಿದರು. ವಾಪಸ್ ಬಂದವರ ಮುಖದಲ್ಲಿ ಬೆಂಕಿ. "ಹೇಳಿದ್ರೆ ಕೇಳೋದೇ ಇಲ್ವಲ್ಲ ಈ ಮನುಷ್ಯ! ಇಂಥವರಿಗೆ ಹೇಗೆ ಹೇಳಬೇಕು ನರ್ಸಮ್ಮ?"

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಹೇಳಿದೆ: "ನಾಳೆನೂ ಹೇಳಿ ಭಾವ. ನಾಡಿದ್ದೂ ಹೇಳಿ."

ಅದಕ್ಕೇ ನಿಮಗೂ ಹೇಳುತ್ತಿದ್ದೇನೆ. ಬಿಡದ ಸೀನು, ಕಣ್ಣಿನ ತುರಿಕೆ, ಚರ್ಮದ ಗಂಧೆ, ಕೆಮ್ಮು, ಎದೆಯಲ್ಲಿ ಸಿಳ್ಳೆ ಇದ್ದರೆ ನಕ್ಕು ಸುಮ್ಮನಾಗಬೇಡಿ. ಎಲ್ಲಿದ್ದಾಗ ಹೆಚ್ಚು, ಎಲ್ಲಿದ್ದಾಗ ಕಡಿಮೆ, ಏನು ಮುಟ್ಟಿದಾಗ, ಏನು ತಿಂದಾಗ ಅಂತ ಗಮನಿಸಿ ಡಾಕ್ಟರಿಗೆ ಹೇಳಿ. ಹಿಟ್ಟೇ ಆಗಬೇಕಿಲ್ಲ, ಮರದ ಪುಡಿ, ಹತ್ತಿಯ ಧೂಳು, ತಲೆಗೆ ಹಚ್ಚುವ ಬಣ್ಣ, ಯಾವುದೋ ಮಾತ್ರೆ, ಏನೂ ಆಗಬಹುದು. ಕೊಟ್ಟ ಔಷಧಿಯನ್ನು ಹೇಗೆ ತೆಗೆದುಕೊಳ್ಳಬೇಕೆಂದು ಅವರ ಎದುರಿಗೇ ಮಾಡಿ ತೋರಿಸಿ, ಸರಿಯೇ ಅಂತ ಕೇಳಿ. ಮಾತು ಮುಗಿಸಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಮುಖ ಅಥವಾ ನಾಲಿಗೆ ಊದಿಕೊಂಡರೆ ಒಂದು ಕ್ಷಣವೂ ಕಾಯದೆ ಆಂಬುಲೆನ್ಸ್ ಕರೆಯಿರಿ.

ನಿಮ್ಮ ಮನೆಯಲ್ಲೂ ಒಬ್ಬರು ಹೇಳಿದ ಮಾತು ಕೇಳದವರು ಇದ್ದೇ ಇರುತ್ತಾರೆ. ಬೇಸರ ಮಾಡಿಕೊಳ್ಳಿ, ಬೈಯಿರಿ, ಜಗಳ ಆಡಿ. ಆದರೆ ಬಿಡಬೇಡಿ. ರಟ್ಟೆ ಹಿಡಿದು ಇವತ್ತೇ ಕರೆದುಕೊಂಡು ಹೋಗಿ.